ಉದ್ರಿ ಪುಸ್ತಕ ಮುಚ್ಚಿದ ಮೇಲೆ

ಹಾವೇರಿ ಸೀಮೆಯ ಹಳೆಯ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಒಂದು ಫಲಕ ತೂಗುಹಾಕಿರುತ್ತಿತ್ತು: ‘ಇಂದು ನಗದು, ನಾಳೆ ಉದ್ರಿ.’ ನಾಳೆ ಎಂಬುದು ಎಂದೂ ಬರುವುದಿಲ್ಲ, ಆದ್ದರಿಂದ ಉದ್ರಿಯೂ ಇಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಅದೇ ಫಲಕದ ಕೆಳಗೆ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದು ದಿನಕ್ಕೆ ಹತ್ತಾರು ಸಲ ತೆರೆದುಕೊಳ್ಳುತ್ತಿತ್ತು. ‘ಸಾವ್ಕಾರ್ರ, ಬರಕೊಳ್ರಿ, ಮೆಣಸಿನಕಾಯಿ ಮಾರಿದ ಮ್ಯಾಲೆ ಮುಟ್ಟಸ್ತೀವಿ’ ಎಂದು ಗಿರಾಕಿ ಹೇಳುವುದು, ಅಂಗಡಿಕಾರ ಗೊಣಗುತ್ತಲೇ ಬರೆದುಕೊಳ್ಳುವುದು, ಎರಡೂ ನಿತ್ಯದ ಸಂಗತಿಗಳು. ಫಲಕ ಗೋಡೆಗೆ, ಪುಸ್ತಕ ವ್ಯಾಪಾರಕ್ಕೆ!

ಇಂದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಂಥ ಊರುಗಳಲ್ಲಿ ಮನೆತನದ ಅಂಗಡಿಗಳು ಕಳೆಗುಂದುತ್ತಿರುವ ಮಾತು ಬಂದಾಗಲೆಲ್ಲ ದೊಡ್ಡ ಸರಣಿ ಮಳಿಗೆಗಳತ್ತ ಬೆರಳು ತೋರಿಸಲಾಗುತ್ತದೆ. ಅದರಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ. ಈ ಅಂಗಡಿಗಳು ಬೇಳೆ ಬೆಲ್ಲಗಳಿಗಿಂತ ಹೆಚ್ಚಾಗಿ ‘ಸಮಯ’ವನ್ನು ಮಾರುತ್ತಿದ್ದವು. ಬಿತ್ತನೆಯಿಂದ ಸುಗ್ಗಿಯವರೆಗಿನ ಅವಧಿಯನ್ನು ರೈತನಿಗೆ ದಾಟಿಸುವುದೇ ಅವುಗಳ ಮುಖ್ಯ ಕಸುಬಾಗಿತ್ತು. ಆ ಕಸುಬು ಹೇಗೆ ಬೆಳೆಯಿತು, ಹೇಗೆ ಸಡಿಲಗೊಂಡಿತು ಎಂಬುದನ್ನು ನೋಡದೆ ಅಂಗಡಿಯ ಇಳಿಗಾಲದ ಕಥೆ ಅರ್ಥವಾಗದು.

ಹತ್ತಿ, ರೈಲು ಮತ್ತು ಪೇಟೆ

ಈ ಮೂರೂ ಊರುಗಳು ಹಿಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಧಾರವಾಡವನ್ನು ವಿಭಜಿಸಿ ಹಾವೇರಿ ಜಿಲ್ಲೆಯನ್ನು ರಚಿಸಲಾಯಿತು. ಆದರೆ ಪೇಟೆಗಳಾಗಿ ಇವುಗಳ ವಯಸ್ಸು ಅದಕ್ಕಿಂತ ಬಹಳ ಹಿಂದಿನದು. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಅರೆಮಲೆನಾಡಿನಲ್ಲಿ ಇರುವುದರಿಂದ ಎರಡೂ ಕಡೆಯ ಮಾಲು ಇಲ್ಲಿ ಕೈ ಬದಲಾಯಿಸುತ್ತಿತ್ತು. ಹಾವೇರಿಯಲ್ಲಿ ಏಲಕ್ಕಿಯ ಒಂದು ಗಿಡವೂ ಬೆಳೆಯುವುದಿಲ್ಲ. ಆದರೂ ಅದು ‘ಏಲಕ್ಕಿ ಕಂಪಿನ ನಗರಿ’ ಎನ್ನಿಸಿಕೊಂಡಿದೆ. ಘಟ್ಟದ ಏಲಕ್ಕಿ ಇಲ್ಲಿಗೆ ಬಂದು, ಬಾವಿಯ ನೀರಿನಲ್ಲಿ ಅಂಟುವಾಳಕಾಯಿ ಬೆರೆಸಿ ತೊಳೆಸಿಕೊಂಡು, ಬಿಳುಪಾಗಿ ಹೊರಪೇಟೆಗಳಿಗೆ ಹೋಗುತ್ತಿತ್ತು. ಆ ವ್ಯಾಪಾರ ಕರಗಿದ ಮೇಲೂ ಏಲಕ್ಕಿ ಹಾರ ಕಟ್ಟುವ ಕಲೆ ಊರಿನಲ್ಲಿ ಉಳಿದುಕೊಂಡಿತು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಸಮಯದಲ್ಲಿ ಈ ಹಾರಗಳು ಮತ್ತೆ ಸುದ್ದಿಯಾದವು.

19ನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಕರಿಮಣ್ಣಿಗೆ ಅಮೆರಿಕನ್ ತಳಿಯ ಹತ್ತಿ ಬಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋದಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂದಿತು. ರೈತನ ಕೈಯಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದ ರೊಕ್ಕ ಓಡಾಡಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗಿತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಆ ಹಾದಿಯ ನಿಲ್ದಾಣಗಳಾದವು.

ವಾರಕ್ಕೊಮ್ಮೆ ನೆರೆದು ಸಂಜೆಗೆ ಚದುರುವ ಸಂತೆಯ ಜಾಗದಲ್ಲಿ ವಾರವಿಡೀ ಬಾಗಿಲು ತೆರೆದಿರುವ ಪೇಟೆ ನೆಲೆಗೊಂಡದ್ದು ಈ ಕಾಲದಲ್ಲಿ. ಮುಂದೆ ಅಂಗಡಿ, ಹಿಂದೆ ಉಗ್ರಾಣ, ಅಟ್ಟದ ಮೇಲೋ ಹಿತ್ತಲಿನಲ್ಲೋ ಮನೆ: ಇದು ಪೇಟೆಯ ಕಟ್ಟಡದ ಮಾದರಿ. ಬಣಜಿಗರು, ಜೈನರು, ಮುಸ್ಲಿಮರು, ಮಾರವಾಡ ಗುಜರಾತುಗಳಿಂದ ಬಂದವರು, ಎಲ್ಲರೂ ಇದರಲ್ಲಿ ಪಾಲುಗಾರರು. ರೈಲು ತಂದ ಗಿರಣಿಬಟ್ಟೆ, ಸೀಮೆಎಣ್ಣೆ, ಬೆಂಕಿಪೆಟ್ಟಿಗೆಗಳು ಈ ಅಂಗಡಿಗಳ ಮೂಲಕವೇ ಹಳ್ಳಿಗೆ ಇಳಿದವು. ಊರಿನ ನೇಕಾರನ, ಗಾಣಿಗನ ಕಸುಬಿಗೆ ಪೆಟ್ಟು ಬಿದ್ದದ್ದೂ ಹೀಗೆಯೇ. ಇಂದು ದೊಡ್ಡ ಮಳಿಗೆಯ ಎದುರು ನಿಂತಿರುವ ಅಂಗಡಿ ಒಂದು ಕಾಲಕ್ಕೆ ತಾನೇ ಹೊಸಬನಾಗಿ ಬಂದಿತ್ತೆಂಬುದನ್ನು ಮರೆಯುವಂತಿಲ್ಲ.

ಸುಗ್ಗಿಯಿಂದ ಸುಗ್ಗಿಗೆ

ಬ್ಯಾಡಗಿಯ ಹೆಸರನ್ನು ದೇಶಕ್ಕೆಲ್ಲ ತಿಳಿಸಿದ್ದು ಮೆಣಸಿನಕಾಯಿ. ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆ. ಬಣ್ಣ ಕಡುಗೆಂಪು, ಖಾರ ಕಡಿಮೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಮಳೆಗಾಲದಲ್ಲಿ ನೆಟ್ಟ ಗಿಡದ ಕಾಯಿ ಒಣಗಿ ಚೀಲ ತುಂಬುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ಅಲ್ಲಿಂದ ಯುಗಾದಿಯವರೆಗೆ ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣ ಕೆಂಪಾಗಿರುತ್ತದೆ. ಬಳ್ಳಾರಿ, ರಾಯಚೂರುಗಳಿಂದ ಮಾತ್ರವಲ್ಲ, ನೆರೆಯ ಆಂಧ್ರದಿಂದಲೂ ಇಲ್ಲಿಗೆ ಮಾಲು ಬರುತ್ತದೆ.

ಅಂದರೆ ಬೆಳೆಗಾರನ ಮನೆಗೆ ದುಡ್ಡು ಬರುವುದು ವರ್ಷದಲ್ಲಿ ಒಂದೋ ಎರಡೋ ಬಾರಿ. ಹಸಿವು, ಜ್ವರ, ಮದುವೆ, ನಾಮಕರಣ ಬರುವುದು ವರ್ಷವಿಡೀ. ಈ ಎರಡರ ನಡುವಣ ಅಂತರವನ್ನು ತುಂಬುತ್ತಿದ್ದುದು ಉದ್ರಿ. ದಿನದ ವಹಿವಾಟು ಕೀರ್ದಿಯಲ್ಲಿ, ಒಬ್ಬೊಬ್ಬರ ಲೆಕ್ಕ ಖತಾವಣಿಯಲ್ಲಿ. ಪುಟದ ತಲೆಗೆ ಗಿರಾಕಿಯ ಹೆಸರಿಗಿಂತ ಅವನ ಊರು, ಅಡ್ಡಹೆಸರು, ಕೆಲವೊಮ್ಮೆ ಓಣಿಯ ಗುರುತು. ಯಾರ ಹೊಲ ಎಷ್ಟು, ಈ ವರ್ಷ ಯಾವ ಬೆಳೆ, ಮಳೆ ಹೇಗೆ, ಮನೆಯಲ್ಲಿ ಯಾರಿಗೆ ಕಾಯಿಲೆ ಎಂಬುದೆಲ್ಲ ಅಂಗಡಿಕಾರನಿಗೆ ಗೊತ್ತಿರಲೇಬೇಕಿತ್ತು. ಏಕೆಂದರೆ ಅವನ ಬಳಿ ಬೇರೆ ಅಡಮಾನವಿರಲಿಲ್ಲ.

ಲೆಕ್ಕ ಚುಕ್ತಾ ಆಗುವುದಕ್ಕೂ ಕ್ರಮವಿತ್ತು. ದೀಪಾವಳಿಯಲ್ಲಿ ಅಂಗಡಿ ಪೂಜೆ, ತಕ್ಕಡಿಗೂ ಲೆಕ್ಕದ ಪುಸ್ತಕಗಳಿಗೂ ಅರಿಸಿನ ಕುಂಕುಮ, ಬಂದವರಿಗೆ ಚುರಮುರಿ, ಬತ್ತಾಸು. ಪೂಜೆಗೆ ಬಂದ ಗಿರಾಕಿ ಬರಿಗೈಯಲ್ಲಿ ಬರುವಂತಿರಲಿಲ್ಲ. ಪೂರ್ತಿ ಅಲ್ಲದಿದ್ದರೂ ಒಂದಿಷ್ಟು ಮುಟ್ಟಿಸಬೇಕು. ಉಳಿದದ್ದು ಮೆಣಸಿನಕಾಯಿಯ ಸುಗ್ಗಿಯಲ್ಲಿ. ಆಗಲೂ ಮುಗಿಯದ ಶಿಲ್ಕು ಹೊಸ ಪುಸ್ತಕಕ್ಕೆ ಏರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಬಾಕಿ ನಿಂತರೆ ಅಂಗಡಿಕಾರನೂ ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಎದುರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಹೀಗೆ ಬೆಳೆಯ ನಷ್ಟದ ಒಂದು ಪಾಲು ಹೊಲದಿಂದ ಪೇಟೆಗೆ, ಪೇಟೆಯಿಂದ ದೊಡ್ಡ ಪೇಟೆಗೆ ಹಂಚಿಹೋಗುತ್ತಿತ್ತು.

ಪುಸ್ತಕದ ಇನ್ನೊಂದು ಮಗ್ಗಲು

ಇದನ್ನೆಲ್ಲ ಬರೀ ಸಿಹಿ ನೆನಪಾಗಿ ನೋಡುವುದು ಸರಿಯಲ್ಲ. ಉದ್ರಿ ಪುಸ್ತಕದ ಲೇಖನಿ ಒಬ್ಬನ ಕೈಯಲ್ಲೇ ಇತ್ತು. ಓದಲು ಬಾರದ ಗಿರಾಕಿಗೆ ಬರೆದದ್ದೇನೆಂದು ತಿಳಿಯುವ ದಾರಿಯಿರಲಿಲ್ಲ. ಉದ್ರಿಯ ಸಾಮಾನಿಗೆ ಒಂದಿಷ್ಟು ಹೆಚ್ಚಿನ ದರ, ಬಾಕಿಗೆ ಬಡ್ಡಿ, ಬಾಕಿ ಇರುವವ ಬೇರೆ ಅಂಗಡಿಗೆ ಹೋಗದಂಥ ಕಟ್ಟು, ಕೊನೆಗೆ ಬೆಳೆಯನ್ನೂ ಅದೇ ಸಾಹುಕಾರನ ಅಡತಿ ಅಂಗಡಿಗೇ ಹಾಕಬೇಕೆಂಬ ಒತ್ತಾಯ, ಇವೂ ಇದ್ದವು. ಇದೇ ಜಿಲ್ಲೆಯವನೆಂದು ಹೆಸರಾದ ಸರ್ವಜ್ಞ ಸಾಲದ ಬಗ್ಗೆ ಹೇಳಿದ ವಚನ ಇಂದಿಗೂ ಜನರ ನಾಲಿಗೆಯ ಮೇಲಿರುವುದು ಸುಮ್ಮನೆ ಅಲ್ಲ. ಅತ್ತ ಅಂಗಡಿಕಾರನಿಗೂ ‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಗಾದೆ ಆಗಾಗ ಅನುಭವಕ್ಕೆ ಬರುತ್ತಿತ್ತು.

1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಹುಕಾರರ ಲೆಕ್ಕಪತ್ರಗಳನ್ನು. ಧಾರವಾಡ ಸೀಮೆ ಬೇರೊಂದು ದಾರಿ ಹಿಡಿಯಿತು. ಅಂದು ಇದೇ ಜಿಲ್ಲೆಗೆ ಸೇರಿದ್ದ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಮೊದಲ ಇಂಥ ಸಂಘವೆಂದು ಅದು ಪ್ರಸಿದ್ಧವಾಗಿದೆ. ಮುಂಬಯಿ ಪ್ರಾಂತದ 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, ನಂತರ ಮೈಸೂರು ರಾಜ್ಯದ 1966ರ ಕಾಯ್ದೆ, 1969ರ ಬ್ಯಾಂಕ್ ರಾಷ್ಟ್ರೀಕರಣ, ಇವೆಲ್ಲದರ ಹಿಂದೆ ರೈತನನ್ನು ಒಬ್ಬನೇ ಸಾಹುಕಾರನ ಪುಸ್ತಕದಿಂದ ಬಿಡಿಸುವ ಉದ್ದೇಶವೂ ಸೇರಿತ್ತು. ದೊಡ್ಡ ಮಳಿಗೆಯ ಹೆಸರೂ ಕೇಳದ ಕಾಲದಲ್ಲಿಯೇ ಪೇಟೆಯ ಹಿಡಿತ ಸಡಿಲಗೊಳ್ಳತೊಡಗಿತ್ತೆಂಬುದಕ್ಕೆ ಇದು ಸಾಕ್ಷಿ.

ಪೊಟ್ಟಣ ಹೋಗಿ ಪ್ಯಾಕೆಟ್ ಬಂತು

ಅಂಗಡಿಯ ಒಳಗೇ ನಡೆದ ಬದಲಾವಣೆಯೂ ಸಣ್ಣದಲ್ಲ. ಹಿಂದೆ ಮಾಲು ಗೋಣಿಚೀಲದಲ್ಲಿ ಬಂದು, ತಕ್ಕಡಿಯಲ್ಲಿ ತೂಗಿ, ಹಳೆಯ ಪೇಪರಿನ ಪೊಟ್ಟಣದಲ್ಲಿ ಹೋಗುತ್ತಿತ್ತು. ಯಾವ ಊರಿನ ಬೆಲ್ಲ ಒಳ್ಳೆಯದು, ಯಾವ ತೊಗರಿಬೇಳೆ ಬೇಗ ಬೇಯುತ್ತದೆ ಎಂದು ಹೇಳುವವನು ಅಂಗಡಿಕಾರ. ಮಾಲಿನ ಗುಣಕ್ಕೆ ಅವನ ಮಾತೇ ಮುದ್ರೆ. 1980ರ ದಶಕದಿಂದ ಸೋಪಿನ ಪುಡಿ, ಶಾಂಪೂ, ಚಹಾಪುಡಿಗಳು ಸಣ್ಣ ಸಣ್ಣ ಚೀಟಿಗಳಲ್ಲಿ ಬರತೊಡಗಿದವು. ಟೆಲಿವಿಷನ್ ನೋಡಿದ ಗಿರಾಕಿ ಹೆಸರು ಹೇಳಿ ಮಾಲು ಕೇಳತೊಡಗಿದ. ಅಂಗಡಿಕಾರನ ಶಿಫಾರಸಿಗೆ ಬೆಲೆ ಇಳಿಯಿತು.

ಇದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಪ್ಯಾಕೆಟ್ಟಿನ ಮೇಲೆ ಅಚ್ಚಾದ ಒಂದು ಅಂಕಿ. ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವುದು 1990ರಲ್ಲಿ ಕಡ್ಡಾಯವಾಯಿತು. ಬಳಕೆದಾರರಿಗೆ ಇದರಿಂದ ರಕ್ಷಣೆ ಸಿಕ್ಕಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಇನ್ನೊಂದು ಫಲವನ್ನು ಆಗ ಯಾರೂ ಎಣಿಸಿರಲಿಲ್ಲ. ಚೌಕಾಶಿಯ ಜಾಗದಲ್ಲಿ ಅಚ್ಚಿನ ಬೆಲೆ ಬಂದಿತು. ಸಣ್ಣ ಅಂಗಡಿ ಅಚ್ಚಾದ ಬೆಲೆಗೇ ಮಾರಿತು. ಮುಂದೆ ಬಂದ ದೊಡ್ಡ ಮಳಿಗೆ ಅದರಲ್ಲಿ ಎರಡು ರೂಪಾಯಿ ಬಿಟ್ಟಿತು. ಆ ಎರಡು ರೂಪಾಯಿ ಓದು ಬಲ್ಲ ಎಲ್ಲರ ಕಣ್ಣಿಗೆ ಬಿತ್ತು. ಆರು ತಿಂಗಳ ಉದ್ರಿ ಯಾವ ಪ್ಯಾಕೆಟ್ಟಿನ ಮೇಲೂ ಅಚ್ಚಾಗುವುದಿಲ್ಲ.

ಬ್ಯಾಡಗಿಯಲ್ಲಿ ಈ ಬದಲಾವಣೆಗೆ ಒಂದು ವಿಚಿತ್ರ ಮುಖವಿದೆ. ಇಲ್ಲಿನ ಮೆಣಸಿನಕಾಯಿಯನ್ನು ಕೊಂಡೊಯ್ಯುವವರಲ್ಲಿ ದೊಡ್ಡ ಮಸಾಲೆ ಕಂಪನಿಗಳಿವೆ. ಅದರ ಕೆಂಪು ಸತ್ವವನ್ನು ತೆಗೆದು ಆಹಾರಕ್ಕೂ ತುಟಿಬಣ್ಣಕ್ಕೂ ಬಳಸುವ ಉದ್ಯಮಗಳಿವೆ. ಹಿಂದೆ ಮನೆಯವರು ಕಾಯಿ ಆರಿಸಿ, ತೊಟ್ಟು ಮುರಿದು, ಒಣಗಿಸಿ, ಗಿರಣಿಗೆ ಒಯ್ದು ಖಾರಪುಡಿ ಮಾಡಿಸುತ್ತಿದ್ದರು. ಈಗ ಊರು ದಾಟಿ ಹೋದ ಕಾಯಿ ಪುಡಿಯಾಗಿ, ಬಣ್ಣದ ಪ್ಯಾಕೆಟ್ಟಿನಲ್ಲಿ ಹುಟ್ಟಿದೂರಿಗೇ ಮರಳಿ ಬರುತ್ತದೆ.

ಸರಣಿ ಮಳಿಗೆಗಳ ದಾರಿ

ಕರ್ನಾಟಕಕ್ಕೆ ದೊಡ್ಡ ಅಂಗಡಿ ಹೊಸತೇನಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ನೀಲಗಿರೀಸ್ ಸ್ವಾತಂತ್ರ್ಯಪೂರ್ವದ್ದು. ಆದರೆ ಅದು ನಗರದ ಒಂದು ವರ್ಗದ ಅಂಗಡಿಯಾಗಿಯೇ ಉಳಿಯಿತು. 1990ರ ದಶಕದಲ್ಲಿ ಫುಡ್‌ವರ್ಲ್ಡ್, 2001ರಲ್ಲಿ ಬಿಗ್ ಬಜಾರ್, 2006ರಲ್ಲಿ ರಿಲಯನ್ಸ್ ಫ್ರೆಶ್ ಆರಂಭವಾದವು. 2003ರಲ್ಲಿ ಜರ್ಮನಿಯ ಮೆಟ್ರೋ ಕಂಪನಿ ಭಾರತದ ತನ್ನ ಮೊದಲ ಸಗಟು ಮಳಿಗೆಯನ್ನು ಬೆಂಗಳೂರಿನಲ್ಲಿ ತೆರೆಯಿತು. ಎರಡು ದಶಕಗಳ ನಂತರ ಅದರ ಭಾರತದ ವ್ಯವಹಾರ ರಿಲಯನ್ಸ್ ಕೈಸೇರಿತು. ಬೆಂಗಳೂರಿನಲ್ಲೇ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಬಹುಪಾಲನ್ನು 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕೊಂಡಿತು.

2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರವರೆಗೆ ವಿದೇಶಿ ಬಂಡವಾಳಕ್ಕೆ ಅನುಮತಿ ಕೊಟ್ಟಾಗ ದೇಶದಾದ್ಯಂತ ದೊಡ್ಡ ಚರ್ಚೆಯಾಯಿತು. ಇಂಥ ಮಳಿಗೆಗಳು ಸಾಮಾನ್ಯವಾಗಿ 10 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ ಎಂಬುದು ಅದರ ಷರತ್ತುಗಳಲ್ಲಿ ಒಂದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಆ ಗೆರೆ ದಾಟಿದ್ದು ಬೆಂಗಳೂರು ಮಾತ್ರ. ಒಂದು ಲಕ್ಷದ ಆಸುಪಾಸಿನ ರಾಣೇಬೆನ್ನೂರು, ಅದಕ್ಕಿಂತ ಚಿಕ್ಕದಾದ ಹಾವೇರಿ, ಇನ್ನೂ ಚಿಕ್ಕದಾದ ಬ್ಯಾಡಗಿ ಕಾನೂನಿನ ನೆರಳಿನಲ್ಲಿ ಸುರಕ್ಷಿತವೆಂದೇ ಕಂಡಿತು. ಆದರೆ ಷರತ್ತು ಇದ್ದದ್ದು ವಿದೇಶಿ ಬಂಡವಾಳಕ್ಕೆ. ದೇಶದೊಳಗಿನ ದೊಡ್ಡ ಬಂಡವಾಳಕ್ಕೆ ಅಂಥ ಗಡಿಯಿರಲಿಲ್ಲ. ಮಹಾನಗರ ತುಂಬಿದ ಮೇಲೆ ಸರಣಿ ಮಳಿಗೆಗಳು ಜಿಲ್ಲಾ ಕೇಂದ್ರಗಳಿಗೂ ತಾಲೂಕು ಪಟ್ಟಣಗಳಿಗೂ ಹೆಜ್ಜೆಯಿಟ್ಟವು. ವಾಲ್‌ಮಾರ್ಟ್ ಕೂಡ 1962ರಲ್ಲಿ ಅರ್ಕಾನ್ಸಾ ರಾಜ್ಯದ ಒಂದು ಸಣ್ಣ ಪಟ್ಟಣದಲ್ಲೇ ಹುಟ್ಟಿ, ದೊಡ್ಡವರು ಕಡೆಗಣಿಸಿದ ಊರುಗಳಲ್ಲೇ ಬೆಳೆದದ್ದು.

ದೊಡ್ಡ ಮಳಿಗೆ ಅಗ್ಗಕ್ಕೆ ಮಾರುವ ಗುಟ್ಟು ಖರೀದಿಯಲ್ಲಿದೆ. ಸಾವಿರ ಅಂಗಡಿಗೆ ಬೇಕಾದ್ದನ್ನು ಒಂದೇ ಬಾರಿಗೆ ಕೊಳ್ಳುವವನಿಗೆ ಕಂಪನಿ ಕೊಡುವ ದರ ಬೇರೆ. ವಿತರಕನ ಮೂಲಕ ಒಂದು ಪೆಟ್ಟಿಗೆ ಕೊಳ್ಳುವವನಿಗೆ ಬೇರೆ. ಈ ತಾರತಮ್ಯವನ್ನು ತಡೆಯಲೆಂದೇ ಅಮೆರಿಕ 1936ರಲ್ಲಿ ರಾಬಿನ್ಸನ್-ಪ್ಯಾಟ್‌ಮನ್ ಎಂಬ ಕಾಯ್ದೆ ತಂದಿತ್ತು. ಭಾರತದಲ್ಲಿ 2021ರ ಕೊನೆಗೆ ವಿತರಕರ ರಾಷ್ಟ್ರೀಯ ಒಕ್ಕೂಟ ಇದೇ ದೂರನ್ನು ಎತ್ತಿತು: ತಮಗಿಂತ ಕಡಿಮೆ ದರಕ್ಕೆ ಕಂಪನಿಗಳು ದೊಡ್ಡ ಸಗಟು ಮಳಿಗೆಗಳಿಗೆ ಮಾಲು ಕೊಡುತ್ತಿವೆ, ಸಣ್ಣ ಅಂಗಡಿಯವರು ತಮ್ಮನ್ನು ಬಿಟ್ಟು ಅತ್ತ ಹೋಗುತ್ತಿದ್ದಾರೆ ಎಂಬುದು ಅದರ ಅಳಲು.

ತಿಂಗಳ ದುಡ್ಡು, ನಾಲ್ಕು ಪಥದ ರಸ್ತೆ

ಗಿರಾಕಿಯ ಬದುಕೂ ಬದಲಾಯಿತು. 2000ದ ದಶಕದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯನ್ನು ಅಗಲಿಸುವ ಕೆಲಸ ಶುರುವಾದ ಮೇಲೆ ಹಾವೇರಿಯಿಂದ ಹುಬ್ಬಳ್ಳಿಗೆ, ರಾಣೇಬೆನ್ನೂರಿನಿಂದ ದಾವಣಗೆರೆಗೆ ಹೋಗಿ ಮದುವೆಯ ಜವಳಿ ತಂದು ಸಂಜೆಗೆ ಮನೆ ಸೇರುವುದು ಸುಲಭವಾಯಿತು. 2013ರ ಅನ್ನಭಾಗ್ಯ ಯೋಜನೆ ಅಕ್ಕಿಯ ಚಿಂತೆಯನ್ನು ಅಂಗಡಿಯಿಂದ ಪಡಿತರದ ಸಾಲಿಗೆ ಸಾಗಿಸಿತು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಅದೇ ವರ್ಷದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು.

ಈ ಯೋಜನೆಗಳು ಯಾವುವೂ ಅಂಗಡಿಗೆ ಕೇಡು ಬಗೆದು ಬಂದವಲ್ಲ. ಆದರೆ ಸುಗ್ಗಿಯಿಂದ ಸುಗ್ಗಿಗೆ ಅಳೆಯುತ್ತಿದ್ದ ಬದುಕು ತಿಂಗಳಿಂದ ತಿಂಗಳಿಗೆ ಅಳೆಯತೊಡಗಿತು. ಸಂಬಳ, ಕೂಲಿ, ಪಿಂಚಣಿಯ ದುಡ್ಡು ಇರುವ ಮನೆಗೆ ಆರು ತಿಂಗಳ ಉದ್ರಿ ಬೇಡ. ಉದ್ರಿ ಬೇಡವಾದ ಮೇಲೆ ಅದೇ ಅಂಗಡಿಗೆ ಹೋಗಬೇಕೆಂಬ ಹಂಗೂ ಇಲ್ಲ. ಕಟ್ಟು ಬಿಚ್ಚಿಕೊಂಡ ಗಿರಾಕಿ ಎರಡು ರೂಪಾಯಿ ಅಗ್ಗವಾದಲ್ಲಿಗೆ ನಡೆದನು. ಅದನ್ನು ತಪ್ಪೆನ್ನಲು ಯಾರಿಗೆ ಹಕ್ಕಿದೆ?

ಅಂಗಡಿಯ ಮನೆಯೊಳಗೂ ಇದೇ ಗಾಳಿ ಬೀಸಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಕೆಂಪು ಪುಸ್ತಕದ ಪಕ್ಕದಲ್ಲಿ ಕಂಪ್ಯೂಟರು ಕುಳಿತಿತು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಲ್ಲೆಯ ಮೇಲೆ ಕೂರುವ ಬದುಕು ಬೇಡವೆಂದು ಮಕ್ಕಳನ್ನು ಓದಿಸಿದವರೂ ಅಂಗಡಿಕಾರರೇ. ಓದಿದ ಮಕ್ಕಳು ಬೆಂಗಳೂರು, ಪುಣೆ ಸೇರಿದರು. ಹೀಗೆ ಬಾಗಿಲು ಹಾಕಿದ ಅಂಗಡಿಗಳನ್ನು ಸ್ಪರ್ಧೆ ಸೋಲಿಸಿತು ಎನ್ನಲಾಗದು.

ಉದ್ರಿ ಹೋಯಿತು, ಸಾಲ ಉಳಿಯಿತು

ಹಾಗಾದರೆ ಅಂಗಡಿ ಹೋದರೆ ನಷ್ಟವೇನು? ಉತ್ತರವನ್ನು ಇತ್ತೀಚಿನ ಎರಡು ಘಟನೆಗಳಲ್ಲಿ ಹುಡುಕಬಹುದು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಒಮ್ಮೆಲೆ ಕುಸಿಯಿತೆಂದು ರೊಚ್ಚಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಬೆಂಕಿಗೆ ಆಹುತಿಯಾದವು. ತಿಂಗಳ ಸಂಬಳದ ಲೋಕ ಎಷ್ಟೇ ಹಬ್ಬಿದರೂ ಬೆಳೆಗಾರನ ವರ್ಷ ಇನ್ನೂ ಒಂದೇ ದಿನದ ದರದ ಮೇಲೆ ನಿಂತಿದೆ ಎಂಬುದನ್ನು ಅಂದಿನ ಬೆಂಕಿ ತೋರಿಸಿತು.

ಎರಡನೆಯದು 2025ರ ಜನವರಿಯದು. ಕಿರುಸಾಲ ಸಂಸ್ಥೆಗಳ ವಸೂಲಿಯ ಕಾಟ ತಾಳಲಾರದೆ ಹಾವೇರಿ ಜಿಲ್ಲೆಯ ಮಹಿಳೆಯರು ಮುಖ್ಯಮಂತ್ರಿಗೆ ಮಾಂಗಲ್ಯ ಸರಗಳನ್ನು ಅಂಚೆಯಲ್ಲಿ ಕಳಿಸಿ ಪ್ರತಿಭಟಿಸಿದರು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಕಿರಾಣಿ ಉದ್ರಿ ಕಡಿಮೆಯಾದದ್ದರಿಂದಲೇ ಕಿರುಸಾಲ ಬೆಳೆಯಿತೆಂದು ಹೇಳುವುದು ಅತಿ ಸರಳವಾದೀತು. ಆದರೆ ಒಂದು ಮಾತು ಸ್ಪಷ್ಟ: ಉದ್ರಿ ಹೋದರೂ ಅದರ ಅಗತ್ಯ ಹೋಗಿಲ್ಲ. ಹಳೆಯ ಪುಸ್ತಕದ ಕಂತು ಸುಗ್ಗಿಗೆ ಕಾಯುತ್ತಿತ್ತು. ಹೊಸ ಸಾಲದ ಕಂತು ವಾರ ವಾರವೂ ಬಾಗಿಲು ತಟ್ಟುತ್ತದೆ. ಹಳೆಯ ಸಾಹುಕಾರನ ಮುಖ ಗುರುತಿತ್ತು, ಅವನೊಡನೆ ಜಗಳವಾಡಬಹುದಿತ್ತು, ಮಳೆ ಬರಲಿಲ್ಲವೆಂದರೆ ಅವನಿಗೂ ಅದು ಗೊತ್ತಿರುತ್ತಿತ್ತು.

2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿದಾಗ ಓಣಿಯ ಅಂಗಡಿಗಳು ಅರ್ಧ ಷಟರ್ ಎತ್ತಿ, ಗಿರಾಕಿಗಳನ್ನು ಸುಣ್ಣದ ವೃತ್ತಗಳಲ್ಲಿ ನಿಲ್ಲಿಸಿ ಸಾಮಾನು ಕೊಟ್ಟವು; ದುಡಿಮೆಯಿಲ್ಲದವರ ಹೆಸರು ಎಷ್ಟೋ ವರ್ಷಗಳ ನಂತರ ಮತ್ತೆ ಉದ್ರಿ ಪುಸ್ತಕ ಏರಿತು. ಆ ಸಂಕಟ ಕಳೆದ ಮೇಲೆ ಪುಸ್ತಕ ಮತ್ತೆ ಮುಚ್ಚಿತು. ಅಂಗಡಿಯ ಮುಂದೆ ಈಗ ಮೊಬೈಲಿನಿಂದ ಹಣ ಕಟ್ಟುವ ಚೌಕದ ಚಿತ್ರ ಅಂಟಿಸಿದೆ. ಹಣ ಬಂದ ಕೂಡಲೇ ಪೆಟ್ಟಿಗೆಯೊಂದು ಮೊತ್ತವನ್ನು ಕೂಗಿ ಹೇಳುತ್ತದೆ. ‘ಇಂದು ನಗದು’ ಎಂಬ ಹಳೆಯ ಫಲಕದ ಮೊದಲರ್ಧ ಕೊನೆಗೂ ನಿಜವಾಗಿದೆ.

ದೊಡ್ಡ ಮಳಿಗೆಯಲ್ಲಿ ಬೆಲೆ ಅಗ್ಗ, ಮಾಲು ಹೇರಳ, ತೂಕದಲ್ಲಿ ಅನುಮಾನವಿಲ್ಲ. ಜಾತಿ ಅಂತಸ್ತು ನೋಡದೆ ಯಾರು ಬೇಕಾದರೂ ಕೈಹಾಕಿ ಆರಿಸಿಕೊಳ್ಳಬಹುದು. ಹಳೆಯ ಪೇಟೆಯಲ್ಲಿ ಎಲ್ಲರಿಗೂ ಆ ಗೌರವ ಇರಲಿಲ್ಲ. ಇದು ಗಳಿಕೆಯೇ. ಆದರೆ ಬ್ಯಾಡಗಿಯ ಪ್ರಾಂಗಣದಲ್ಲಿ ದರ ಬಿದ್ದ ದಿನ, ಮಾರಿದ ದುಡ್ಡು ಸಾಗಣೆಯ ಬಾಡಿಗೆಗೂ ಹಮಾಲಿಗೂ ಸರಿಹೋಗಿ ಬರಿಗೈಯಲ್ಲಿ ಹೊರಟ ಬೆಳೆಗಾರ, ಊರಿನ ಹಾದಿಯಲ್ಲಿ ಎರಡು ಕಿಲೋ ಬೆಲ್ಲ, ಒಂದು ಕಿಲೋ ಎಣ್ಣೆಗೆ ಯಾವ ಬಾಗಿಲಲ್ಲಿ ನಿಲ್ಲಬೇಕು? ‘ಬರಕೊಳ್ರಿ’ ಎಂದರೆ ಬರೆದುಕೊಳ್ಳುವ ಕೈ ಅಲ್ಲಿ ಇರಬೇಕಲ್ಲ.